ಯಾರ ಕೈಯ ಅಳತೆ

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಅಳತೆ ನೋಡುವ ಕೆಲಸದಲ್ಲಿದ್ದೆ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬಂದವಳು. ಕಲ್ನಾರು ಶೀಟಿನ ಛಾವಣಿಯ ಕೆಳಗೆ ಸಾಲಾಗಿ ಲೇತ್ ಯಂತ್ರಗಳು, ಒಂದು ಮೂಲೆಯಲ್ಲಿ ಗಾಜಿನ ಗೋಡೆಯ ಮಾಲೀಕರ ಕ್ಯಾಬಿನ್, ಅದಕ್ಕೆ ಅಂಟಿಕೊಂಡಂತೆ ನನ್ನ ಮೇಜು. ಬೆಳಕು ಚೆನ್ನಾಗಿ ಬೀಳಲಿ ಎಂದು ಮೇಜನ್ನು ಅಲ್ಲಿ ಹಾಕಿಸಿದ್ದೇವೆ ಎಂದು ಮಾಲೀಕರು ಹೇಳಿದ್ದರು. ಅವರ ಕುರ್ಚಿಯಿಂದ ನನ್ನ ಎರಡೂ ಕೈಗಳು ನೇರವಾಗಿ ಕಾಣುತ್ತವೆ ಎನ್ನುವುದು ನನಗೆ ಕೆಲವು ತಿಂಗಳ ಮೇಲೆ ಹೊಳೆಯಿತು.

ಆ ವರ್ಷ ನಾವು ಹೆಚ್ಚಾಗಿ ಮಾಡುತ್ತಿದ್ದದ್ದು ನೈಲಾನ್ ಉಂಗುರಗಳು. ಮಗುವಿನ ಬಳೆಯಷ್ಟು ಅಗಲ, ಬಳೆಗಿಂತ ಸ್ವಲ್ಪ ಎತ್ತರ, ಗೋಡೆ ಮಾತ್ರ ತೀರಾ ತೆಳು. ನೂಲುವ ಯಂತ್ರಗಳನ್ನು ತಯಾರಿಸುವ ವೈಟ್‌ಫೀಲ್ಡ್ ಕಡೆಯ ಒಂದು ದೊಡ್ಡ ಕಂಪನಿಗೆ ಅವು ಹೋಗುತ್ತಿದ್ದವು. ಉಂಗುರದ ಹೊರ ಅಗಲ ಡ್ರಾಯಿಂಗಿನಲ್ಲಿ ಹೇಳಿದ್ದಕ್ಕಿಂತ ಒಂದು ಕೂದಲೆಳೆಯಷ್ಟು ಆಚೀಚೆ ಆದರೆ ನಡೆಯುತ್ತಿತ್ತು, ಅದಕ್ಕಿಂತ ಹೆಚ್ಚಾದರೆ ಇಲ್ಲ. ಟರ್ನರ್ ಲೇತ್ ಮೇಲೆ ಕಡೆದು ಕೊಟ್ಟ ಉಂಗುರಗಳನ್ನು ನಾನು ಕ್ಯಾಲಿಪರಿನ ಎರಡು ದವಡೆಗಳ ನಡುವೆ ಹಿಡಿದು, ಅಳತೆ ಓದಿ, ಸರಿಯಿದ್ದವನ್ನು ಚೀಲಕ್ಕೆ ಹಾಕಬೇಕು. ನನ್ನ ಸಹಿ ಇಲ್ಲದೆ ಒಂದು ಚೀಲವೂ ಗೇಟು ದಾಟುತ್ತಿರಲಿಲ್ಲ.

ಮೊದಲ ಚೀಲಗಳು ತಕರಾರಿಲ್ಲದೆ ಹೋದವು. ಆಮೇಲೆ ಒಂದು ಚೀಲ ಕೊರಳಿಗೆ ಕೆಂಪು ಚೀಟಿ ಕಟ್ಟಿಸಿಕೊಂಡು ವಾಪಸ್ ಬಂತು. ಅಳತೆ ಕಡಿಮೆ ಇದೆ ಎಂದು ಬರೆದಿತ್ತು. ನಾನು ಕೂತು ಮತ್ತೆ ಅಳೆದೆ. ನನ್ನ ಕ್ಯಾಲಿಪರಿನಲ್ಲಿ ಅವು ಸರಿಯಾಗಿಯೇ ಇದ್ದವು. ಮಾಲೀಕರು ಬಂದು ಪಕ್ಕದಲ್ಲಿ ನಿಂತು ಒಂದು ಉಂಗುರವನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತ ಕೇಳಿದರು.

"ಇವು ನೀವು ಪಾಸ್ ಮಾಡಿದ ಪೀಸುಗಳೇನಾ?"

"ಹೌದು ಸಾರ್."

"ಅವೇ ಪೀಸುಗಳು ಅಂತ ಹೇಗೆ ಹೇಳ್ತೀರಿ?"

ಉಂಗುರಗಳೆಲ್ಲ ಒಂದೇ ಥರ ಇದ್ದವು. ಅವರು ಧ್ವನಿ ತಗ್ಗಿಸಿದರು.

"ನಮ್ಮ ಟರ್ನರ್ ಮೇಲೆ ಒಂದು ಕಣ್ಣಿಟ್ಟಿರಿ. ಎದುರಿನ ಶೆಡ್‌ನವರ ಜೊತೆ ನಿಂತು ಟೀ ಕುಡೀತಾನೆ. ಅವರೂ ಇದೇ ಆರ್ಡರ್ ಹಿಂದೆ ಬಿದ್ದಿದ್ದಾರೆ."

ಟರ್ನರ್ ನನಗಿಂತ ವಯಸ್ಸಿನಲ್ಲಿ ಬಹಳ ದೊಡ್ಡವರು. ಮಿತಭಾಷಿ. ನಾನು ಅವರ ಉಂಗುರಗಳನ್ನು ಪಕ್ಕಕ್ಕೆ ಎತ್ತಿಟ್ಟಾಗಲೆಲ್ಲ ಬಂದು ನೋಡಿ ಹೋಗುತ್ತಿದ್ದರು. ಅವರ ಸ್ವಂತ ಕ್ಯಾಲಿಪರನ್ನು ಬನಿಯನ್ ಬಟ್ಟೆಯಲ್ಲಿ ಸುತ್ತಿ ಊಟದ ಚೀಲದೊಳಗೆ ಇಡುತ್ತಿದ್ದರು, ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಇದುವರೆಗೆ ಸಹಜವಾಗಿ ಕಂಡಿದ್ದ ಅವರ ನಡವಳಿಕೆಯೆಲ್ಲ ಮಾಲೀಕರ ಆ ಮಾತಿನಿಂದಾಗಿ ಬೇರೆಯಾಗಿ ಕಾಣತೊಡಗಿತು. ಅವರು ಟೀ ಅಂಗಡಿಗೆ ಹೋದಾಗ ನಾನು ಕಿಟಕಿಯಿಂದ ನೋಡುತ್ತಿದ್ದೆ. ಎದುರಿನ ಶೆಡ್‌ನವನೊಬ್ಬ ಅವರ ಹೆಗಲ ಮೇಲೆ ಕೈ ಹಾಕಿದ. ಇಬ್ಬರೂ ನಕ್ಕರು. ಹೆಗಲ ಮೇಲೆ ಕೈ ಹಾಕಿ ನಗುವುದರಲ್ಲಿ ಏನಿದೆ ಎಂದು ಈಗ ಅನ್ನಿಸುತ್ತದೆ. ಆವತ್ತು ನನಗೆ ಅದರಲ್ಲೇ ಎಲ್ಲವೂ ಕಂಡಿತ್ತು.

ಉಂಗುರಗಳು ಅದಲುಬದಲಾಗುತ್ತಿವೆಯೇ ಎಂದು ತಿಳಿಯಲು ನಾನೊಂದು ಉಪಾಯ ಮಾಡಿದೆ. ಪಾಸ್ ಮಾಡಿದ ಪ್ರತಿ ಉಂಗುರದ ಒಳಮೈಯಲ್ಲಿ ಪೆನ್ಸಿಲಿನಿಂದ ಕಂಡೂ ಕಾಣದಂಥ ಒಂದು ಗೀಟು ಎಳೆದೆ. ಯಾರಿಗೂ ಹೇಳಲಿಲ್ಲ. ಮುಂದಿನ ಚೀಲವೂ ಕೆಂಪು ಚೀಟಿಯೊಂದಿಗೆ ವಾಪಸ್ ಬಂದಾಗ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದೆ. ನನ್ನ ಗೀಟು ಎಲ್ಲದರಲ್ಲೂ ಇತ್ತು. ಅದರ ಎದುರುಬದಿಯಲ್ಲಿ, ಅಷ್ಟೇ ಸಣ್ಣದಾಗಿ, ನಾನು ಇಡದ ಒಂದು ನೀಲಿ ಇಂಕಿನ ಚುಕ್ಕೆಯೂ ಇತ್ತು.

ಉಂಗುರವನ್ನು ಹಿಡಿದು ಟರ್ನರ್ ಹತ್ತಿರ ಹೋದೆ.

"ಈ ಚುಕ್ಕೆ ನಿಮ್ಮದಾ?"

ಅವರು ಲೇತ್ ನಿಲ್ಲಿಸಿ ಕೈ ಒರೆಸಿಕೊಂಡರು. "ಆ ಪೆನ್ಸಿಲ್ ಗೀಟು ನಿಮ್ದಾ ಮೇಡಂ?"

"ಹೌದು."

"ನಿಮ್ ಮೇಲೆ ಕಣ್ಣಿಡು ಅಂದಿದ್ರು ಸಾಹೇಬ್ರು," ಎಂದರು. "ಒಳ್ಳೇ ಪೀಸ್ ತೆಗೆದು ಹಾಳು ಪೀಸ್ ಹಾಕ್ತಿದ್ದೀರೇನೋ ಅಂತ."

ಇಬ್ಬರೂ ನಗಲಿಲ್ಲ. ಗಾಜಿನ ಆಚೆ ಮಾಲೀಕರು ಫೋನಿನಲ್ಲಿ ಮಾತಾಡುತ್ತ ನಮ್ಮ ಕಡೆಗೇ ನೋಡುತ್ತಿದ್ದರು. ಟರ್ನರ್ ಮತ್ತೆ ಲೇತ್ ಶುರು ಮಾಡಿದರು. ನನ್ನ ಮೇಜಿಗೆ ಬಂದು ಕೂತ ಮೇಲೆ ಒಂದು ವಿಷಯ ನಿಚ್ಚಳವಾಯಿತು. ಎರಡೂ ಗುರುತು ಇರುವುದರಿಂದ ಉಂಗುರ ಬದಲಾಗಿಲ್ಲ. ಅವರು ಕಡೆದದ್ದು, ನಾನು ಪಾಸ್ ಮಾಡಿದ್ದು, ವೈಟ್‌ಫೀಲ್ಡ್‌ನಲ್ಲಿ ತಿರಸ್ಕರಿಸಿದ್ದು ಎಲ್ಲ ಒಂದೇ ಉಂಗುರ. ಹಾಗಿದ್ದರೆ ಎರಡು ಅಳತೆಗಳಲ್ಲಿ ಒಂದು ಸುಳ್ಳು. ನನ್ನದಲ್ಲ ಎಂದು ನನಗೆ ಖಾತ್ರಿಯಿತ್ತು. ಆದ್ದರಿಂದ ನನ್ನ ಅನುಮಾನ ಟರ್ನರನ್ನು ಬಿಟ್ಟು ಆ ಕಂಪನಿಯಲ್ಲಿ ನಮ್ಮ ಉಂಗುರಗಳನ್ನು ಅಳೆಯುವ ಇನ್‌ಸ್ಪೆಕ್ಟರ್ ಮೇಲೆ ಹೋಗಿ ಕೂತಿತು. ಎದುರಿನ ಶೆಡ್‌ನವರು ಅವರ ಕೈ ಬೆಚ್ಚಗೆ ಮಾಡಿ ಬಂದಿರಬೇಕು ಎಂದುಕೊಂಡೆ.

ಆ ದಿನಗಳಲ್ಲಿ ನಾನು ಚಿಕ್ಕಬಾಣಾವರದಲ್ಲಿ ಒಂದು ಹಿತ್ತಲಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯೊಡತಿ ಆ ಊರಿನ ಮೂಲದವರು. ಹೊಲದ ಜಾಗದಲ್ಲಿ ಬಾಡಿಗೆ ಕೋಣೆಗಳ ಸಾಲು ಏಳುತ್ತಿತ್ತು. ಹಸು ಮಾತ್ರ ಇನ್ನೂ ಹಿತ್ತಲಲ್ಲೇ ಇತ್ತು. ಒಬ್ಬಳೇ ಇರುವ ಹುಡುಗಿ, ಮೈಯೆಲ್ಲ ಎಣ್ಣೆಯ ವಾಸನೆ ಹೊತ್ತು ಬರುತ್ತಾಳೆ, ಚೀಲದಲ್ಲಿ ಕಬ್ಬಿಣದ ಸಾಮಾನು ಇಟ್ಟುಕೊಂಡಿರುತ್ತಾಳೆ ಎಂದು ಅವರಿಗೆ ನನ್ನ ಮೇಲೆ ಮೊದಲಿನಿಂದಲೂ ಒಂದು ಗುಮಾನಿ. ಒಂದು ಭಾನುವಾರ ನಾನು ಜಗಲಿಯಲ್ಲಿ ಕೂತು, ಮಾಲೀಕರನ್ನು ಕೇಳಿ ತಂದಿದ್ದ ತಿರಸ್ಕೃತ ಉಂಗುರಗಳನ್ನು ನನ್ನ ಸ್ವಂತ ಕ್ಯಾಲಿಪರಿನಿಂದ ಮತ್ತೆ ಮತ್ತೆ ಅಳೆಯುತ್ತಿದ್ದೆ. ಅವರು ಹಾಲು ಕರೆದು ಬಂದವರು ಪಾತ್ರೆ ಹಿಡಿದೇ ನಿಂತರು.

"ಅದೇನವ್ವ ಅದು?"

"ಅಳತೆ ನೋಡೋ ಸಾಮಾನು ಅಮ್ಮ."

"ಕರೆಂಟ್ ಮೀಟ್ರು ಗೀಟ್ರು ಬಿಚ್ಚೋದಲ್ಲ ತಾನೆ? ಓದ್ಸಲ ಇದ್ದೋನು ಅಂಗೇ ಮಾಡಿ ನಮ್ಮನ್ನ ಸಿಗಾಕಿಸ್ದ."

ಮೀಟರಿಗೂ ಇದಕ್ಕೂ ಸಂಬಂಧವಿಲ್ಲ ಎಂದು ತೋರಿಸಲು ಕ್ಯಾಲಿಪರನ್ನು ಅವರ ಕೈಗೇ ಕೊಟ್ಟೆ. ದವಡೆಗಳ ನಡುವೆ ಉಂಗುರ ಇಟ್ಟು, ಹೆಬ್ಬೆರಳಿನಿಂದ ಹೀಗೆ ನೂಕಿ ಎಂದೆ. ಅವರು ನೂಕಿದರು. ನಾನು ಬಗ್ಗಿ ಓದಿದೆ. ನನ್ನ ಅಳತೆಗಿಂತ ಬಹಳ ಕಡಿಮೆ. ಕೆಂಪು ಚೀಟಿಯಲ್ಲಿ ಬರೆದದ್ದಕ್ಕಿಂತಲೂ ಕಡಿಮೆ.

"ಇನ್ನೊಂದು ಸಲ ಅಮ್ಮ."

ಮತ್ತೂ ಕಡಿಮೆಯಾಯಿತು. ಅವರ ಹೆಬ್ಬೆರಳನ್ನು ನೋಡಿದೆ. ಎಷ್ಟೋ ವರ್ಷ ಹಾಲು ಕರೆದ ಬೆರಳು ಅದು, ಬುಡದಲ್ಲಿ ಗಟ್ಟಿಯಾಗಿ ಉಬ್ಬಿತ್ತು. ದವಡೆಗಳ ನಡುವೆ ಉಂಗುರ ದುಂಡಗಿರಲಿಲ್ಲ, ಕಣ್ಣಿಗೆ ಕಾಣುವಷ್ಟೇ ಚಪ್ಪಟೆಯಾಗಿತ್ತು. ಕ್ಯಾಲಿಪರ್ ವಾಪಸ್ ತೆಗೆದುಕೊಂಡು ನಾನೇ ಬಲವಾಗಿ ಒತ್ತಿದೆ, ಆಮೇಲೆ ಮೆಲ್ಲಗೆ, ಆಮೇಲೆ ಮುಟ್ಟೂ ಮುಟ್ಟದಂತೆ. ಪ್ರತಿ ಸಲವೂ ಬೇರೆ ಅಳತೆ. ಕ್ಯಾಲಿಪರನ್ನು ಹಗುರವಾಗಿ ಹಿಡಿಯಬೇಕು ಎಂದು ನಾನು ಪಾಠದಲ್ಲಿ ಓದಿದ್ದೆ. ಹಗುರ ಅಂದರೆ ಎಷ್ಟು ಎಂದು ಯಾರೂ ಹೇಳಿರಲಿಲ್ಲ. ಹಿತ್ತಾಳೆ, ಕಬ್ಬಿಣ ಅಳೆಯುವವರೆಗೆ ಅದರಿಂದ ತೊಂದರೆಯಾಗಿರಲಿಲ್ಲ. ಈ ತೆಳು ನೈಲಾನ್ ಮಾತ್ರ ಹಿಡಿದವರ ಕೈಗೆ ತಕ್ಕಂತೆ ಬಗ್ಗುತ್ತಿತ್ತು.

ಅಲ್ಲಿಗೆ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇದನ್ನು ಹೇಳಿದರೆ ಯಾರು ನಂಬುತ್ತಾರೆ ಎಂಬ ಚಿಂತೆ ಹತ್ತಿತು. ಇನ್‌ಸ್ಪೆಕ್ಟರ್ ಹೆಬ್ಬೆರಳು ಜೋರು ಎಂದು ನಾನು ಹೇಳಬಹುದು. ನಿನ್ನ ಹೆಬ್ಬೆರಳು ಬೇಕೆಂದೇ ಮೃದು ಎಂದು ಅವರು ಹೇಳಬಹುದು. ಅಳತೆಯಿಂದ ಹೆಬ್ಬೆರಳನ್ನೇ ತೆಗೆದುಹಾಕಬೇಕು ಎಂದು ಆಗ ಅನ್ನಿಸಿತು. ಉಂಗುರವನ್ನು ಒತ್ತುವುದು ಯಾರ ಕೈಯೂ ಆಗಿರಬಾರದು.

ಮುಂದಿನ ರಜಾದಿನಗಳಲ್ಲಿ ಅದೇ ಜಗಲಿಯ ಮೇಲೆ ನಾನು ಒಂದು ಜಿಗ್ ಕಟ್ಟಿದೆ. ವಸ್ತುವನ್ನೂ ಸಾಧನವನ್ನೂ ಪ್ರತಿ ಸಲ ಒಂದೇ ರೀತಿ ಹಿಡಿದಿಡುವ ಚೌಕಟ್ಟಿಗೆ ನಮ್ಮ ಕಸುಬಿನಲ್ಲಿ ಜಿಗ್ ಅನ್ನುತ್ತಾರೆ. ಬಾಡಿಗೆ ಕೋಣೆಗಳ ಅಡುಗೆಕಟ್ಟೆಗೆಂದು ಜಿಗಣಿಯಿಂದ ತರಿಸಿದ್ದ ಕರಿಕಲ್ಲಿನಲ್ಲಿ ಒಂದು ತುಂಡು ಮಿಕ್ಕಿತ್ತು. ಪಾಲಿಶ್ ಮಾಡಿದ ಮೇಲ್ಮೈ ಕನ್ನಡಿಯಷ್ಟು ಸಮ. ಅದನ್ನು ಕೇಳಿದಾಗ ಮನೆಯೊಡತಿ, "ಯಾತಕ್ಕೆ ಏಳು ಮೊದ್ಲು," ಎಂದು ನಾಲ್ಕು ಪ್ರಶ್ನೆ ಕೇಳಿ ಕೊಟ್ಟರು. ಅಲ್ಲೇ ಬಾಗಿಲು ಮಾಡುತ್ತಿದ್ದ ಬಡಗಿಯಿಂದ ತೇಗದ ಎರಡು ದಿಮ್ಮಿ ಕೊಯ್ಯಿಸಿ, ಕ್ಯಾಲಿಪರಿನ ಉದ್ದಪಟ್ಟಿ ಬಿಗಿಯಾಗಿ ಕೂರುವಂತೆ ತೋಡು ಕೊರೆಸಿದೆ. ದಿಮ್ಮಿಗಳನ್ನು ಕಲ್ಲಿಗೆ ಅಂಟಿಸಿದೆ. ಕ್ಯಾಲಿಪರ್ ಮಲಗಿದಂತೆ ಕೂರಬೇಕು, ಅದರ ಕದಲದ ದವಡೆ ಹಿತ್ತಾಳೆ ಪಟ್ಟಿಯ ಹಿಡಿತದಲ್ಲಿರಬೇಕು, ಜಾರುವ ದವಡೆ ಮಾತ್ರ ಸರಾಗವಾಗಿ ಓಡಾಡಬೇಕು. ಎರಡರ ನಡುವೆ ಉಂಗುರ ಓರೆಯಾಗದೆ ಕೂರಲು ಒಂದು ಪುಟ್ಟ ಮರದ ಪೀಠ.

ಇನ್ನು ಒತ್ತುವುದಕ್ಕೆ ಏನು ಎಂಬುದು ಉಳಿಯಿತು. ಜಾರುವ ದವಡೆಗೆ ಒಂದು ಗಟ್ಟಿ ದಾರ ಕಟ್ಟಿ, ಅದನ್ನು ಕಲ್ಲಿನ ಅಂಚಿಗೆ ಎಳೆದು, ಅಲ್ಲಿ ಹೊಲಿಗೆ ಯಂತ್ರದ ಬಾಬಿನ್ ಒಂದನ್ನು ರಾಟೆಯಂತೆ ನಿಲ್ಲಿಸಿ, ದಾರದ ತುದಿಯಲ್ಲಿ ಖಾಲಿ ಪೌಡರ್ ಡಬ್ಬಿ ತೂಗುಬಿಟ್ಟೆ. ಡಬ್ಬಿಯೊಳಗೆ ಮರಳು. ಡಬ್ಬಿ ಕೆಳಗೆ ಎಳೆದರೆ ದವಡೆ ಉಂಗುರದ ಕಡೆಗೆ ಜಾರಿ ಮುಟ್ಟುತ್ತದೆ. ಮರಳಿನ ತೂಕ ಎಷ್ಟೋ ಒತ್ತಡ ಅಷ್ಟೇ, ಯಾರು ಅಳೆದರೂ.

ಮೊದಲ ಸಲ ಅದು ಕೆಲಸ ಮಾಡಲಿಲ್ಲ. ದಾರವನ್ನು ದವಡೆಯ ತುದಿಗೆ ಕಟ್ಟಿದ್ದರಿಂದ ಅದು ಓರೆಯಾಗಿ ಎಳೆದು, ಅಳತೆ ಇನ್ನೂ ಹೆಚ್ಚು ಕುಣಿಯಿತು. ತಂತಿಯ ಕೊಕ್ಕೆ ಮಾಡಿ ದಾರವನ್ನು ಉದ್ದಪಟ್ಟಿಗೆ ಆದಷ್ಟು ಹತ್ತಿರ ತಂದೆ. ಜಾರುವ ಜಾಗವನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಬಿಟ್ಟೆ. ಆಮೇಲೆ ಮರಳನ್ನು ಚಿಟಿಕೆ ಚಿಟಿಕೆಯಾಗಿ ತೆಗೆಯುತ್ತ ಹೋದೆ. ಮರಳು ಕಡಿಮೆಯಾದಂತೆ ಉಂಗುರದ ಅಳತೆ ಸ್ವಲ್ಪ ಸ್ವಲ್ಪ ಹೆಚ್ಚುತ್ತ ಬಂದು, ಒಂದು ಹಂತದಲ್ಲಿ ನಿಂತುಬಿಟ್ಟಿತು. ಅಂದರೆ ಉಂಗುರ ಇನ್ನು ಚಪ್ಪಟೆಯಾಗುತ್ತಿಲ್ಲ. ಅಲ್ಲಿಗೆ ಡಬ್ಬಿಯ ಮುಚ್ಚಳ ಹಾಕಿದೆ.

ಅದೇ ಹೊತ್ತಿಗೆ ಮನೆಯೊಡತಿ ಹಿಂದೆ ಬಂದು ನಿಂತಿದ್ದರು. ಕರಿಕಲ್ಲು, ದಾರ, ತೂಗುತ್ತಿರುವ ಡಬ್ಬಿ, ಅದರಲ್ಲಿ ಮರಳು.

"ಮೀಟ್ರಲ್ಲ ಅಂದೆ, ಒಪ್ಕೊಂಡೆ," ಎಂದರು. "ಇದು ಮಾಟ ಗೀಟ ಅಲ್ಲ ತಾನೆ? ಅಂಗೇನಾದ್ರೂ ಇದ್ರೆ ಅಮಾಸೆ ಒಳ್ಗೆ ತಗಂಡೋಗ್ಬಿಡು ತಾಯಿ. ಅಸ ಕಟ್ಟಿರೋ ಜಾಗ."

ಅವರಿಗೂ ಒಂದು ಸಲ ಅಳೆದು ನೋಡಲು ಹೇಳಿದೆ. ಡಬ್ಬಿಯನ್ನು ಅಂಗೈಯಲ್ಲಿ ಎತ್ತಿ ಹಿಡಿದು, ಉಂಗುರ ಇಟ್ಟು, ಮೆಲ್ಲಗೆ ಕೆಳಗಿಳಿಸಿ ಕೈ ಬಿಡಬೇಕು. ಅವರು ಬಿಟ್ಟರು. ನನಗೆ ಬಂದ ಅಳತೆಯೇ ಬಂತು. ನನ್ನ ಮುಖ ಅರಳಿದ್ದನ್ನು ನೋಡಿ ಅವರ ಅನುಮಾನ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಆ ಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ ಆಟೊಗೆ ಹತ್ತಿಸುವವರೆಗೆ ಅವರು ಗೇಟಿನಲ್ಲೇ ನಿಂತಿದ್ದರು.

ಕಾರ್ಖಾನೆಯಲ್ಲಿ ಅದನ್ನು ಮೇಜಿನ ಮೇಲೆ ಇಟ್ಟ ಅರ್ಧ ಗಂಟೆಯೊಳಗೆ ಎಲ್ಲರೂ ಬಂದು ನೋಡಿ ಹೋದರು. ಕೊನೆಗೆ ಬಂದವರು ಟರ್ನರ್. ಕೈ ಕಟ್ಟಿಕೊಂಡು ಸುತ್ತ ಒಂದು ಸಲ ನಡೆದರು.

"ಡಬ್ಬೀಲಿ ಏನಿದೆ ಮೇಡಂ?"

"ಮರಳು."

"ಬಿಚ್ಚಿ."

ಬಿಚ್ಚಿದೆ. ಅವರು ಮರಳನ್ನು ಪೇಪರ್ ಮೇಲೆ ಸುರಿದು, ಬೆರಳಿನಿಂದ ಹರಡಿ, ಒಳಗೆ ಅಯಸ್ಕಾಂತವೋ ಮತ್ತೇನೋ ಇಲ್ಲ ಎಂದು ಖಚಿತ ಮಾಡಿಕೊಂಡು, ಒಂದು ಕಾಳೂ ಚೆಲ್ಲದಂತೆ ತಾವೇ ವಾಪಸ್ ತುಂಬಿದರು. ಆಮೇಲೆ ಉಂಗುರಗಳನ್ನು ಒಂದೊಂದಾಗಿ ಕೊಡುತ್ತ, "ಓದಿ," ಎಂದರು. ನಾನು ಓದುತ್ತಾ ಹೋದೆ. ಸ್ವಲ್ಪ ಹೊತ್ತಾದ ಮೇಲೆ, ಒಂದೇ ಉಂಗುರವನ್ನು ಅವರು ನಡುನಡುವೆ ಸೇರಿಸಿ ಮತ್ತೆ ಮತ್ತೆ ಕೊಡುತ್ತಿದ್ದಾರೆ ಎಂದು ಗೊತ್ತಾಯಿತು. ಪ್ರತಿ ಸಲವೂ ಅದಕ್ಕೆ ಒಂದೇ ಅಳತೆ ಬಂದಿತ್ತು. ಕೊನೆಗೆ ಜಾಗ ಬದಲಿಸಿ ಅವರು ಅಳೆದರು, ನಾನು ಕೊಟ್ಟೆ. ನಾನೂ ಒಂದು ಉಂಗುರವನ್ನು ಎರಡು ಸಲ ಕೊಟ್ಟೆ. ಅದಕ್ಕೂ ಎರಡು ಸಲ ಒಂದೇ ಅಳತೆ ಬಂತು.

ಮಾಲೀಕರು ನನ್ನನ್ನು ಕ್ಯಾಬಿನ್ನಿಗೆ ಕರೆದರು. ಜಿಗ್ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಲಿಲ್ಲ.

"ಇದರ ಡ್ರಾಯಿಂಗ್ ಯಾರು ಕೊಟ್ಟಿದ್ದು?"

"ಯಾರೂ ಇಲ್ಲ ಸಾರ್. ಮನೇಲಿ ಮಾಡಿದ್ದು."

"ಮನೇಲಿ." ಅವರು ಗಾಜಿನ ಆಚೆ ನನ್ನ ಮೇಜಿನ ಕಡೆ ನೋಡಿದರು. "ಬೇರೆ ಎಲ್ಲಾದರೂ ಇಂಟರ್‌ವ್ಯೂ ಕೊಟ್ಟಿದ್ದೀರಾ?"

ಇಲ್ಲ ಎಂದೆ. ನಂಬಿದಂತೆ ಕಾಣಲಿಲ್ಲ. ಆದರೂ ವಾಪಸ್ ಬಂದ ಚೀಲಗಳು ಗೋಡೆಯ ಪಕ್ಕ ಬೆಳೆಯುತ್ತಲೇ ಇದ್ದುದರಿಂದ ಅವರಿಗೆ ಬೇರೆ ದಾರಿ ಇರಲಿಲ್ಲ. ಅದೇ ವಾರ ಜಿಗ್ಗನ್ನೂ ಒಂದು ಚೀಲ ಉಂಗುರಗಳನ್ನೂ ವ್ಯಾನಿನಲ್ಲಿ ಹಾಕಿಕೊಂಡು ನಾವು ಮೂವರೂ, ಮಾಲೀಕರು, ಟರ್ನರ್ ಮತ್ತು ನಾನು, ವೈಟ್‌ಫೀಲ್ಡ್‌ಗೆ ಹೋದೆವು. ಹಳ್ಳದಲ್ಲಿ ವ್ಯಾನು ಎಗರಿದಾಗ ಟರ್ನರ್ ಕಲ್ಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದದ್ದನ್ನು ಗಮನಿಸಿದೆ.

ಆ ಕಂಪನಿಯಲ್ಲಿ ಅಳತೆಗೆಂದೇ ತಂಪು ಕೋಣೆಯಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಇನ್‌ಸ್ಪೆಕ್ಟರ್ ಎತ್ತರದ ಹಿರಿಯರು, ಹಣೆಯ ತುಂಬ ವಿಭೂತಿ, ಧಾರವಾಡ ಕಡೆಯ ಮಾತು. ನನ್ನ ಹೆಸರೂ ಊರೂ ಕೇಳಿ, "ಹಂಗಾರ ನಮ್ಮ ಕಡೆಯವರ ಆದ್ರಿ," ಎಂದರು. ಮಾಲೀಕರು ತಕ್ಷಣ ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಹೊಸದೊಂದು ಲೆಕ್ಕ ಶುರುವಾಗಿತ್ತು. ನಾನೂ ಈ ಇನ್‌ಸ್ಪೆಕ್ಟರೂ ಒಳಗೊಳಗೇ ಒಂದಾಗಿರಬಹುದು ಎಂದು.

ಗೋಣಿ ಬಿಚ್ಚಿ ಜಿಗ್ಗನ್ನು ಮೇಜಿನ ಮೇಲೆ ಇಟ್ಟಾಗ ಇನ್‌ಸ್ಪೆಕ್ಟರ್ ಕನ್ನಡಕ ಸರಿಮಾಡಿಕೊಂಡರು.

"ಏನ್ರೀ ಇದು, ಪೌಡರ್ ಡಬ್ಬಿ ಕಟ್ಟಿ ಆಟದ ಸಾಮಾನು ತಂದೀರಲ್ಲ. ನಮ್ಮ ಕ್ಯಾಲಿಪರಿಗೆ ಸರ್ಟಿಫಿಕೇಟ್ ಐತ್ರಿ."

"ಕ್ಯಾಲಿಪರ್ ತಪ್ಪು ಅಂತ ನಾನು ಹೇಳ್ತಿಲ್ಲ ಸಾರ್."

"ಮತ್ತ ನಾ ತಪ್ಪು ಅಂತೀರೇನು?"

ಉತ್ತರ ಕೊಡುವ ಬದಲು ನಾನು ಒಂದು ಉಂಗುರ ಕೊಟ್ಟು, ಅವರ ಕ್ಯಾಲಿಪರಿನಲ್ಲೇ ಅಳೆದು, ಅಳತೆಯನ್ನು ನನ್ನ ಕಿವಿಯಲ್ಲಿ ಮಾತ್ರ ಹೇಳಲು ಕೇಳಿದೆ. ಆಮೇಲೆ ಅದೇ ಉಂಗುರ, ಅದೇ ಕ್ಯಾಲಿಪರನ್ನು ಆ ಕೋಣೆಯ ಇನ್ನಿಬ್ಬರು ನೌಕರರ ಕೈಗೆ ಕೊಟ್ಟು ಹಾಗೇ ಮಾಡಲು ಹೇಳಿದೆ. ಇಬ್ಬರೂ ತಮ್ಮ ಕೋಣೆಯವರೇ ಆದ್ದರಿಂದ ಇನ್‌ಸ್ಪೆಕ್ಟರ್ ಬೇಡವೆನ್ನಲಿಲ್ಲ. ಮೂರೂ ಅಳತೆಗಳನ್ನು ನಾನು ಗಟ್ಟಿಯಾಗಿ ಹೇಳಿದೆ. ಮೂರೂ ಬೇರೆ ಬೇರೆ. ಇನ್‌ಸ್ಪೆಕ್ಟರದ್ದು ಎಲ್ಲಕ್ಕಿಂತ ಕಡಿಮೆ. ಒಬ್ಬ ನೌಕರನ ಅಳತೆಯಲ್ಲಿ ಉಂಗುರ ಪಾಸಾಗುತ್ತಿತ್ತು. ಇನ್‌ಸ್ಪೆಕ್ಟರ್ ಅವನ ಕಡೆ ತಿರುಗಿದ ರೀತಿ ನನಗೆ ಚೆನ್ನಾಗಿ ಪರಿಚಿತವಾಗಿತ್ತು. ನಮ್ಮ ಮಾಲೀಕರು ಪ್ರತಿದಿನ ಗಾಜಿನ ಆಚೆಯಿಂದ ಹಾಗೇ ನೋಡುತ್ತಿದ್ದರು.

"ಅವರು ಸುಳ್ಳು ಹೇಳಿಲ್ಲ ಸಾರ್," ಎಂದೆ. "ಕೈ ಬೇರೆ, ಅಷ್ಟೇ."

ನನ್ನ ಕ್ಯಾಲಿಪರನ್ನು ಜಿಗ್ಗಿನಿಂದ ತೆಗೆದು ಅವರದನ್ನು ಕೂರಿಸಿದೆ. ಅವರು ಕಲ್ಲಿನ ಕೆಳಗೆ ಬಗ್ಗಿ ನೋಡಿದರು, ದಾರ ಎಳೆದು ನೋಡಿದರು, ಡಬ್ಬಿಯ ಮುಚ್ಚಳ ತೆಗೆಸಿದರು. ಟರ್ನರ್ ಮೊದಲ ಸಲ ಬಾಯಿಬಿಟ್ಟರು. "ನಾನು ನೋಡಿದ್ದೀನಿ ಸಾರ್. ಬರೀ ಮರಳು." ಇನ್‌ಸ್ಪೆಕ್ಟರ್ ಅಷ್ಟಕ್ಕೂ ತೃಪ್ತರಾಗದೆ, ಬೀರುವಿನಿಂದ ಅಳತೆ ಗೊತ್ತಿರುವ ಉಕ್ಕಿನ ಒಂದು ತುಂಡನ್ನು ತಂದು ಮೊದಲು ಅದನ್ನು ಇಟ್ಟು ನೋಡಿದರು. ಬರಬೇಕಾದ ಅಳತೆಯೇ ಬಂತು. ಆಮೇಲೆ ಉಂಗುರ. ಅವರು, ಅವರ ನೌಕರರು, ಟರ್ನರ್, ಕೊನೆಗೆ ಮಾಲೀಕರೂ ಡಬ್ಬಿ ಇಳಿಸಿ ನೋಡಿದರು. ಎಲ್ಲರಿಗೂ ಒಂದೇ ಅಳತೆ, ಡ್ರಾಯಿಂಗಿನ ಮಿತಿಯೊಳಗೆ.

ಚೀಲದ ಉಂಗುರಗಳನ್ನೆಲ್ಲ ಹಾಗೆ ಅಳೆಯುತ್ತ ಮಧ್ಯಾಹ್ನ ಕಳೆಯಿತು. ಬಹುಪಾಲು ಸರಿಯಾಗಿದ್ದವು. ಆದರೆ ಕೆಲವು ಸರಿಯಿರಲಿಲ್ಲ. ಮರಳಿನ ಹಗುರ ಎಳೆತದಲ್ಲೂ ಅವು ಕಡಿಮೆಯೇ ತೋರಿಸಿದವು. ಒಂದು ಹಿಡಿಯಷ್ಟು ಪಕ್ಕಕ್ಕೆ ಬಿದ್ದವು. ನನ್ನ ಪೆನ್ಸಿಲ್ ಗೀಟು ಅವುಗಳಲ್ಲೂ ಇತ್ತು. ನನ್ನ ಹೆಬ್ಬೆರಳು ಅವನ್ನು ತೀರಾ ಮೆತ್ತಗೆ ಮುಟ್ಟಿ ಬಿಟ್ಟುಬಿಟ್ಟಿತ್ತು, ದವಡೆ ಉಂಗುರಕ್ಕೆ ಪೂರ್ತಿ ತಾಗುವ ಮೊದಲೇ. ಮಾಲೀಕರು ಆ ಹಿಡಿಯನ್ನು ನೋಡುತ್ತ ನಿಂತರು.

ಟರ್ನರ್ ಮುಂದೆ ಬಂದು ಒಂದನ್ನು ಎತ್ತಿಕೊಂಡರು.

"ಇವು ನನ್ನ ತಪ್ಪೇ," ಎಂದರು. "ಸಂಜೆ ಹೊತ್ತಿಗೆ ಟೂಲ್ ಸವೆದಿರತ್ತೆ, ಪೀಸ್ ಬಿಸಿಯಾಗಿ ಉಬ್ಬತ್ತೆ, ಆರಿದ್ ಮೇಲೆ ಕುಗ್ಗತ್ತೆ. ಬದಲಾಯಿಸ್ಬೇಕಿತ್ತು, ಬದಲಾಯಿಸ್ಲಿಲ್ಲ."

"ಆವಾಗಲೇ ಹೇಳೋದಲ್ವಾ?" ಮಾಲೀಕರ ಧ್ವನಿ ಏರಿತು.

"ಹೇಗೆ ಹೇಳ್ಲಿ ಸಾರ್? ಇಡೀ ಚೀಲ ಕೆಟ್ಟಿದೆ ಅಂತಿದ್ರಿ. ಇಷ್ಟು ನಂದು ಅಂದಿದ್ರೆ ಎಲ್ಲಾನೂ ನನ್ ತಲೆಗೇ ಕಟ್ತಿದ್ರಿ. ಈಗ ಯಾವ್ದು ನಂದು ಯಾವ್ದು ಅಲ್ಲ ಅಂತ ಕಾಣ್ತಿದೆ, ಹೇಳ್ದೆ."

ಇನ್‌ಸ್ಪೆಕ್ಟರ್ ಆ ಹಿಡಿಯನ್ನು ತಮ್ಮ ಕಡೆಗೆ ಎಳೆದುಕೊಂಡು, "ಇವಿಷ್ಟ ವಾಪಸ್. ಉಳದದ್ದು ಇಟ್ಟ ಹೋಗ್ರಿ," ಎಂದರು. ತಮ್ಮ ಅಳತೆ ತಪ್ಪಿತ್ತು ಎಂದು ಹೇಳಲಿಲ್ಲ. ನಾನೂ ಅದನ್ನು ನಿರೀಕ್ಷಿಸಿರಲಿಲ್ಲ. ಹೊರಡುವಾಗ ಜಿಗ್ಗನ್ನು ಒಂದು ವಾರ ಇಲ್ಲೇ ಬಿಟ್ಟು ಹೋಗಿ ಎಂದರು. ಮಾಲೀಕರು ಕಲ್ಲಿನ ಮೇಲೆ ಕೈಯಿಟ್ಟು, ಇವತ್ತು ಆಗುವುದಿಲ್ಲ ಎಂದರು. ವ್ಯಾನ್ ಹತ್ತಿದ ಮೇಲೆ, "ಬಿಟ್ಟಿದ್ದರೆ ನಾಳೆನೇ ಎದುರಿನ ಶೆಡ್‌ಗೆ ಹೋಗ್ತಿತ್ತು," ಎಂದು ಗೊಣಗಿದರು. ಕೊನೆಗೆ ಅಂಥದ್ದೇ ಇನ್ನೊಂದನ್ನು ನಾನು ಮಾಡಿಕೊಟ್ಟೆ, ಅದು ಅವರ ಕೋಣೆಯಲ್ಲಿ ಕೂತಿತು. ಚೀಲಗಳು ವಾಪಸ್ ಬರುವುದು ನಿಂತಿತು.

ನಮ್ಮಲ್ಲಿ ಅನುಮಾನ ಮಾತ್ರ ನಿಲ್ಲಲಿಲ್ಲ, ಜಾಗ ಬದಲಿಸಿತು. ಈಗ ಅದು ಜಿಗ್ಗಿನ ಮೇಲೆ. ಡಬ್ಬಿಯಿಂದ ಯಾರಾದರೂ ಮರಳು ಕದ್ದರೆ ಎಂದು ಮಾಲೀಕರು ಮುಚ್ಚಳಕ್ಕೆ ಅರಗು ಹಾಕಿಸಿದರು. ಅದು ಸಾಲದೆ ಸಂಜೆಯಾದರೆ ಜಿಗ್ಗನ್ನು ಕ್ಯಾಬಿನ್ನಿನ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು. ನಾನದನ್ನು ಹೊತ್ತುಕೊಂಡು ಬೇರೆ ಕಡೆ ಕೆಲಸಕ್ಕೆ ಸೇರುತ್ತೇನೆ ಎಂದು ಅವರ ಭಯ. ಗೇಟಿನ ವಾಚ್‌ಮನ್ ನನ್ನ ಚೀಲವನ್ನು ಮೊದಲಿಗಿಂತ ಹೆಚ್ಚು ಹೊತ್ತು ತಡಕಾಡತೊಡಗಿದ. ಅಷ್ಟು ಭಾರದ ಕಲ್ಲು ಟಿಫಿನ್ ಚೀಲದಲ್ಲಿ ಹೇಗೆ ಅಡಗುತ್ತದೆ ಎಂದು ನಾನು ಕೇಳಲಿಲ್ಲ.

ಒಂದು ದಿನ ಮಾಲೀಕರು ಸಂಬಂಧಿಕರ ಮದುವೆಗೆಂದು ಸರ್ಜಾಪುರದ ಆಚೆ ಎಲ್ಲಿಗೋ ಹೋದರು. ಬೀಗದ ಕೈ ಅವರ ಜೊತೆಯೇ ಹೋಯಿತು. ವೈಟ್‌ಫೀಲ್ಡ್‌ಗೆ ಹೋಗಬೇಕಾದ ಚೀಲ ತಯಾರಿತ್ತು, ಟೆಂಪೋದವನು ಗೇಟಿನಲ್ಲಿ ಹಾರನ್ ಹೊಡೆಯುತ್ತಿದ್ದ. ಟರ್ನರ್ ಮತ್ತು ನಾನು ಮುಚ್ಚಿದ ಬೀರುವಿನ ಮುಂದೆ ಸ್ವಲ್ಪ ಹೊತ್ತು ನಿಂತೆವು.

"ಕೈಯಲ್ಲೇ ಅಳೀರಿ," ಎಂದರು ಅವರು.

ನಾನು ಕಾರ್ಖಾನೆಯ ಇನ್ನೊಂದು ಕ್ಯಾಲಿಪರ್ ಹಿಡಿದು, ಹೆಬ್ಬೆರಳಿಗೆ ಮರಳಿನ ಡಬ್ಬಿಯ ಎಳೆತವನ್ನು ನೆನಪಿಸುತ್ತ ಒಂದೊಂದೇ ಅಳೆದೆ. ಅವರು ತಮ್ಮ ಕ್ಯಾಲಿಪರನ್ನು ಬಟ್ಟೆಯಿಂದ ಬಿಚ್ಚಿ ಪಕ್ಕದಲ್ಲಿ ಕೂತು ಕೆಲವನ್ನು ಅಳೆದು ನೋಡಿದರು. ಒಂದು ಉಂಗುರದಲ್ಲಿ ನಮ್ಮಿಬ್ಬರ ಅಳತೆ ಸೇರಲಿಲ್ಲ. ಅವರ ಪ್ರಕಾರ ಅದು ಸರಿ, ನನ್ನ ಪ್ರಕಾರ ಕಡಿಮೆ. ಉಂಗುರ ಅವರೇ ಕಡೆದದ್ದು. ಜಗಳವಾಡುತ್ತಾರೆ ಎಂದುಕೊಂಡೆ. ಅವರು ಇನ್ನೊಂದು ಸಲ ಅಳೆಯಲೂ ಇಲ್ಲ.

"ನಿಮ್ದೇ ಇರ್ಲಿ," ಎಂದು ಅದನ್ನು ಪಕ್ಕಕ್ಕೆ ಎಸೆದು ಲೇತ್ ಕಡೆಗೆ ಹೋದರು.

ಚೀಲ ಹೋಯಿತು. ಮುಂದೆ ಅದರಿಂದ ಒಂದು ಉಂಗುರವೂ ವಾಪಸ್ ಬರಲಿಲ್ಲ. ಆವತ್ತು ಸಂಜೆ ಜಾಲಹಳ್ಳಿ ಕ್ರಾಸ್‌ನಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ನನಗೆ ಖುಷಿಯಾಗಬೇಕಿತ್ತು. ಬದಲಿಗೆ, ಟರ್ನರ್ ನನ್ನ ಅಳತೆಯನ್ನು ಅಷ್ಟು ಸುಲಭವಾಗಿ ಯಾಕೆ ಒಪ್ಪಿಕೊಂಡರು ಎಂದು ಚಿಕ್ಕಬಾಣಾವರ ಮುಟ್ಟುವವರೆಗೂ ಯೋಚಿಸುತ್ತಿದ್ದೆ.